ಎರಡು ತಾಸಿಗೊಮ್ಮೆ ತೆರೆಯುವ ಕ್ಲಿಪ್ಪು

ಯಾರ ಮನೆಗೆ ಹೋದರೂ ಸಿಸ್ಟರ್ ಕೇಳುವ ಮೊದಲ ಪ್ರಶ್ನೆ ಒಂದೇ: "ಬಚ್ಚಲ ಎಲ್ಲೈತ್ರಿ?" ಎರಡನೆಯದು ಕೈ ತೊಳೆದುಕೊಂಡು ಬಂದ ಮೇಲೆ, ಹಾಸಿಗೆಯಲ್ಲಿದ್ದವರಿಗೆ: "ನಿನ್ನೆ ಹೊಟ್ಟಿ ಹೋಗಿತ್ತೇನ್ರಿ?" ಪರಿಚಯ, ಕುಶಲ, ಚಹಾ ಎಲ್ಲವೂ ಅದರ ನಂತರ. ಕೈ ತೊಳೆಯಲು ತಮ್ಮದೇ ಸಾಬೂನನ್ನು ಹಳೆಯ ತಗಡಿನ ಡಬ್ಬಿಯಲ್ಲಿ ತರುತ್ತಿದ್ದರು. ಉಗುರುಗಳನ್ನು ತೀರ ಒಳಗಿನ ತನಕ ಕತ್ತರಿಸಿರುತ್ತಿದ್ದರು. ಗಡಿಯಾರವನ್ನು ಮುಂಗೈಗೆ ಕಟ್ಟದೆ ಎದೆಯ ಮೇಲೆ ಪಿನ್ನಿಗೆ ತಲೆಕೆಳಗಾಗಿ ತೂಗುಹಾಕಿಕೊಳ್ಳುತ್ತಿದ್ದರು. ಗದ್ದ ತಗ್ಗಿಸಿ ಅದನ್ನು ನೋಡಿಕೊಂಡರೆಂದರೆ ಮನೆಯಲ್ಲಿ ಯಾರೋ ಏನೋ ತಪ್ಪು ಮಾಡಿದ್ದಾರೆ ಎಂದೇ ಅರ್ಥ.

ಕಳೆದ ತಿಂಗಳು ಐರಣಿಯಲ್ಲಿ ತೀರಿಕೊಂಡರಂತೆ. ನಿವೃತ್ತಿಯ ನಂತರವೂ ರಾಣೆಬೆನ್ನೂರಿನ ಬಾಡಿಗೆ ಮನೆಯಲ್ಲೇ ಇದ್ದವರು ಕೊನೆಗೆ ಹೊಳೆದಂಡೆಯ ತಮ್ಮ ಊರಿಗೆ ಹೋಗಿದ್ದರು. ಸುದ್ದಿ ನನಗೆ ತಲುಪುವಷ್ಟರಲ್ಲಿ ಒಂಬತ್ತು ದಿನ ಕಳೆದಿತ್ತು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬ್ಯಾಡಗಿಯ ನಮ್ಮ ಮನೆಯಲ್ಲಿ ಎಲ್ಲರೂ ನರ್ಸಬಾಯಿ ಎನ್ನುತ್ತಿದ್ದರು, ನಾನು ಸಿಸ್ಟರ್ ಎನ್ನುತ್ತಿದ್ದೆ. ಇಂಥವರು ಸತ್ತಾಗ ಕರುಣೆ, ಸೇವೆ ಎಂದೆಲ್ಲ ಬರೆಯುವುದು ವಾಡಿಕೆ. ಅವರಲ್ಲಿ ಕರುಣೆ ಎಷ್ಟಿತ್ತೋ ನನಗೆ ಗೊತ್ತಿಲ್ಲ. ನಾನು ಹತ್ತಿರದಿಂದ ಕಂಡದ್ದು ಅವರ ಸೇಡನ್ನು. ನಾನು ಅವರನ್ನು ನಮ್ಮ ಮನೆಗೆ ಕರೆತಂದದ್ದೂ ಅದಕ್ಕಾಗಿಯೇ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿಯ ಮನೆತನ. ಅಪ್ಪ ಚಿಕ್ಕ ವಯಸ್ಸಿನಲ್ಲೇ ಹೋಗಿದ್ದರಿಂದ ಅಂಗಡಿ, ಮನೆ, ಕೊನೆಯ ಮಾತು ಎಲ್ಲವೂ ದೊಡ್ಡಪ್ಪನದು. ಅಜ್ಜಿ ಹಾಸಿಗೆ ಹಿಡಿದಿದ್ದ ಹನ್ನೊಂದು ವರ್ಷವೂ ಅವಳ ಹೇಲು ಉಚ್ಚೆ ಬಳಿದವಳು ನಮ್ಮವ್ವ. ಅಜ್ಜಿ ಸತ್ತ ಮರುವರ್ಷವೇ ಅವ್ವನಿಗೆ ಲಕ್ವಾ ಹೊಡೆಯಿತು. ಆಗ ಅವಳ ಮಂಚವನ್ನು ದೊಡ್ಡಪ್ಪ ಹಿಂದಿನ ಖೋಲಿಗೆ ಹಾಕಿಸಿದ. ಅದು ಮೆಣಸಿನಕಾಯಿ ಚೀಲ ಒಟ್ಟುವ ಖೋಲಿ. ಘಾಟಿಗೆ ಅವ್ವ ಕೆಮ್ಮುವಳು, ಕೆಮ್ಮಿದಾಗಲೆಲ್ಲ ಹಾಸಿಗೆ ತೋಯುವುದು, ತೋಯ್ದದ್ದನ್ನು ಸಂಜೆ ಕೆಲಸದವಳು ಬಂದು ಬದಲಿಸಬೇಕು. ಗಿರಾಕಿಗಳು ಬಂದು ಹೋಗುವ ಮನೆಯಲ್ಲಿ ವಾಸನೆ ಬರಬಾರದು ಎಂಬುದು ದೊಡ್ಡಪ್ಪನ ಕಾಳಜಿ. ನಾನು ಧಾರವಾಡದಲ್ಲಿ ತತ್ವಶಾಸ್ತ್ರದ ಎಂ.ಎ. ಓದುತ್ತಿದ್ದೆ. ದೀಪಾವಳಿಗೆ ಬಂದಾಗ ಆ ಖೋಲಿಯ ಹೊಸ್ತಿಲಲ್ಲಿ ನಿಂತು ಅವ್ವನೊಂದಿಗೆ ಮಾತಾಡಿದೆ.

ಸೊಂಟದ ಹಿಂದೆ ಹುಣ್ಣಾಗಿ ಎಲುಬು ಕಾಣತೊಡಗಿದ ಮೇಲೆ ಅವಳನ್ನು ಹಾವೇರಿಯ ಆಸ್ಪತ್ರೆಯೊಂದಕ್ಕೆ ಸೇರಿಸಿದರು. ಸಿಸ್ಟರ್ ಆ ವಾರ್ಡಿನಲ್ಲಿದ್ದರು. ಅವ್ವನನ್ನು ಮಗ್ಗುಲಿಗೆ ಹೊರಳಿಸಿ ಬೆನ್ನು ನೋಡಿದವರು, ಹೊರಗೆ ನಿಂತಿದ್ದ ದೊಡ್ಡಪ್ಪನನ್ನು ಒಳಗೆ ಕರೆದರು.

"ಈಕಿನ್ನ ಎಷ್ಟು ದಿನದಿಂದ ಹಿಂಗ ಅಂಗಾತ ಮಲಗ್ಸೀರಿ?"

"ಮನೀ ಮಂದಿನ್ನ ಹೆಂಗ ನೋಡ್ಕೋಬೇಕು ಅಂತ ನೀ ಹೇಳಾಕಿ ಏನವಾ?"

"ಮೆಣಸಿನಕಾಯಿ ಚೀಲ ಬೂಷ್ಟು ಹಿಡೀಬಾರದಂತ ವಾರಕ್ಕೊಮ್ಮೆ ಹೊರಳಿಸಿ ಒಟ್ಟತೀರಲ್ರಿ ಸಾವ್ಕಾರ್ರ. ಮನಷ್ಯಾರನ್ನ ಹೊರಳಸಾಕ ಏನ್ ಆಗಿತ್ತು ನಿಮಗ?"

ಇಡೀ ವಾರ್ಡು ನಕ್ಕಿತು. ಹದಿನೆಂಟು ದಿನಕ್ಕೆ ಅವ್ವ ಹೋದಳು. ಅದಾಗಿ ತಿಂಗಳೊಳಗೆ ಸಿಸ್ಟರ್‌ಗೆ ದಿನಕ್ಕೆ ಒಂದೇ ಬಸ್ಸು ಹೋಗುವ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ವರ್ಗವಾಯಿತು. ಯಾರ ಮೂಲಕ, ಯಾರಿಗೆ ಹೇಳಿಸಿ ಅದನ್ನು ಮಾಡಿಸಿದೆ ಎಂಬುದನ್ನು ದೊಡ್ಡಪ್ಪ ಅಂಗಡಿಯಲ್ಲಿ ಕುಳಿತು ನಾಲ್ಕಾರು ಸಲ ಹೇಳಿಕೊಂಡಿದ್ದ. ಸಿಸ್ಟರ್‌ನ ಗಂಡ ಆಗ ಕಾಮಾಲೆಯಿಂದ ಮಲಗಿದ್ದ. ಅವರು ಬೇರೆಯವರನ್ನು ನೋಡಿಕೊಳ್ಳಲು ಆ ಹಳ್ಳಿಯಲ್ಲಿದ್ದ ದಿನವೇ ಅವನು ರಾಣೆಬೆನ್ನೂರಿನಲ್ಲಿ ಒಬ್ಬನೇ ಸತ್ತ.

ಆ ವಾರ್ಡಿನ ಮಾತುಕತೆಯನ್ನು ನಾನು ಕಣ್ಣಾರೆ ಕಂಡೆ ಎಂದೇ ಬಹಳ ವರ್ಷ ನಂಬಿದ್ದೆ. ನನ್ನ ಕೈಯಲ್ಲಿ ಗಂಜಿಯ ಫ್ಲಾಸ್ಕ್ ಇತ್ತು, ಅದರ ಮುಚ್ಚಳ ಸಡಿಲವಾಗಿತ್ತು, ಬೆರಳು ಸುಡುತ್ತಿತ್ತು, ಎಲ್ಲ ನೆನಪಿದೆ. ಆಮೇಲೊಮ್ಮೆ ಸಿಸ್ಟರ್‌ಗೆ ಅದನ್ನು ಹೇಳಿದಾಗ ಅವರು ನನ್ನನ್ನು ಒಂದು ಗಳಿಗೆ ನೋಡಿ, "ನೀ ಅವತ್ತ ಅಲ್ಲಿ ಇದ್ದಿಲ್ಲೋ ತಮ್ಮಾ" ಎಂದರು. ಲೆಕ್ಕ ಹಾಕಿದರೆ ಆ ವಾರ ನನಗೆ ಪರೀಕ್ಷೆ ಇತ್ತು. ಹಾಗಾದರೆ ಆ ಫ್ಲಾಸ್ಕ್ ಯಾರದು? ಇದನ್ನು ಹೇಳುವುದು ಏಕೆಂದರೆ, ಮುಂದೆ ಬರೆಯುವುದನ್ನೂ ಓದುಗರು ಇಷ್ಟೇ ಎಚ್ಚರದಿಂದ ಓದಲಿ ಎಂದು.

ಅವರ ಸೇಡಿನ ಗುಣ ತಿಳಿಯಲು ಒಂದು ಸಣ್ಣ ಪ್ರಸಂಗ ಸಾಕು. ನಿವೃತ್ತಿಯಾದ ಮೇಲೆ ಅವರು ಮನೆ ಮನೆಗೆ ಹೋಗಿ ಹಾಸಿಗೆ ಹಿಡಿದವರ ಎನಿಮಾ, ಮೂತ್ರದ ನಳಿಗೆ, ಹುಣ್ಣಿನ ಡ್ರೆಸಿಂಗು ನೋಡಿಕೊಳ್ಳುತ್ತಿದ್ದರು. ರಾಣೆಬೆನ್ನೂರಿನ ಒಂದು ದೊಡ್ಡ ಮನೆಯಲ್ಲಿ ಅವರಿಗೆ ನೀರು ಕೊಡಲು ಬೇರೆ ಲೋಟ ಇಟ್ಟಿದ್ದರಂತೆ, ಹೊರಗಿನ ಗೂಡಿನಲ್ಲಿ. ಮೊದಲ ದಿನ ಸುಮ್ಮನೆ ಕುಡಿದರು. ಎರಡನೆಯ ದಿನ ಮನೆಯ ಯಜಮಾನತಿ ನಾಲ್ಕು ದಿನದ ಮಲಬದ್ಧತೆಯಿಂದ ಒದ್ದಾಡುತ್ತ ಮಗ್ಗುಲಾಗಿ ಮಲಗಿದ್ದಾಗ, ಕೈಗವಸು ಹಾಕಿಕೊಂಡು ಎಣ್ಣೆ ಹಚ್ಚಿಕೊಂಡು ಅಲ್ಲೇ ನಿಂತರಂತೆ.

"ಬಾಯಾರ, ನನ್ನ ಕೈ ಮುಟ್ಟಿದ ಲೋಟ ನಿಮಗ ಆಗಂಗಿಲ್ಲ. ಈಗ ಈ ಕೈ ಆಗತೈತೇನ್ರಿ, ಅಥವಾ ಬ್ಯಾರೆ ಕೈ ತರಸ್ತೀರಿ?"

ಮೂರನೆಯ ದಿನದಿಂದ ಒಳಗಿನ ಲೋಟ ಬಂತು. ಸಿಸ್ಟರ್ ಅದರಲ್ಲಿ ನೀರು ಕುಡಿಯಲಿಲ್ಲ. ಅವರ ಹತ್ತಿರ ತಮ್ಮದೇ ಬಾಟಲಿ ಇತ್ತು.

ಆದರೆ ಕೆಲಸದ ವಿಷಯದಲ್ಲಿ ಅವರಿಗೆ ಯಾವುದೂ ಹೇಸಿಗೆಯಲ್ಲ. ಅವರೆದುರು ಯಾರಾದರೂ ಮೂಗು ಮುಚ್ಚಿ "ಹೊಲಸು" ಅಂದರೆ, "ಹೊಲಸಲ್ಲ, ಒಳಗಿನ ಸುದ್ದಿ ಅದು. ಓದಾಕ ಬರದವ್ರು ಮೂಗು ಮುಚ್ಚಿಕೊಂತೀರಿ" ಅನ್ನುತ್ತಿದ್ದರು. ಮೂತ್ರದ ಚೀಲವನ್ನು ಬೆಳಕಿಗೆ ಹಿಡಿದು, "ಹೆಸರಬ್ಯಾಳಿ ತೊಳದ ನೀರಿನ ಬಣ್ಣ ಇರಬೇಕು. ಇದು ಕಟ್ಟಿನ ಸಾರು ಆಗೇತಿ. ನೀರ ಕುಡಿಸೀರೋ ಇಲ್ಲೋ?" ಅನ್ನುತ್ತಿದ್ದರು. ಸ್ಟೆಥಾಸ್ಕೋಪ್ ಇಲ್ಲದೆ ಹೊಟ್ಟೆಗೆ ಕಿವಿ ಹಚ್ಚಿ, ಗೋಡೆಯಾಚೆಯ ಜಗಳ ಕೇಳುವವರಂತೆ ಕಣ್ಣು ಕಿರಿದು ಮಾಡಿ ಕೇಳುತ್ತಿದ್ದರು.

ಅವ್ವ ಸತ್ತ ಐದನೆಯ ವರ್ಷ ದೊಡ್ಡಪ್ಪ ತನ್ನದೇ ಗೋದಾಮಿನಲ್ಲಿ, ಒಟ್ಟಿದ ಚೀಲಗಳ ಮೇಲಿನಿಂದ ಬಿದ್ದ. ಬೆನ್ನುಹುರಿಗೆ ಪೆಟ್ಟು. ಹುಬ್ಬಳ್ಳಿಯಲ್ಲಿ ತಿಂಗಳು ಇದ್ದು ಬಂದ. ಕಾಲಿಗೆ ಅಷ್ಟಿಷ್ಟು ಶಕ್ತಿ ಮರಳುತ್ತಿತ್ತು, ಆದರೆ ಮಲ ಮೂತ್ರದ ಮೇಲೆ ಹಿಡಿತವಿರಲಿಲ್ಲ. ಮೂತ್ರಕ್ಕೆ ನಳಿಗೆ ಹಾಕಿ ಕಳಿಸಿದ್ದರು. ಅವನಿಗೆ ಬೇಕಿದ್ದದ್ದು ಒಂದೇ: ಹೊಸ ಮಾಲು ಬರುವುದರೊಳಗೆ ಪ್ಯಾಟೆಯ ಮೆಣಸಿನಕಾಯಿ ಮಾರುಕಟ್ಟೆಯ ಯಾರ್ಡಿನಲ್ಲಿ, ತನ್ನ ಅಂಗಡಿಯ ಗಾದಿಯ ಮೇಲೆ ಕುಳಿತಿರಬೇಕು, ಮೂತ್ರದ ಚೀಲ ಕಾಣಬಾರದು, ಧೋತ್ರ ತೋಯಬಾರದು.

ನಾನು ಆಗ ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ಅದು ನನ್ನ ಮೂರನೆಯ ನೌಕರಿ. ದೊಡ್ಡಪ್ಪನನ್ನು ನೋಡಲು ಹೋದೆ. ಅಲ್ಲಿ ಕಂಡದ್ದು ನನಗೆ ಸಂತೋಷ ಕೊಟ್ಟಿತು, ಮುಚ್ಚಿಡುವುದಿಲ್ಲ. ಮೂತ್ರದ ಚೀಲವನ್ನು ನೆಲಕ್ಕೆ ಇಡುವುದು ಸರಿಯಲ್ಲವೆಂದು ದೊಡ್ಡವ್ವ ಗೋಡೆಯ ಮೊಳೆಗೆ, ಅವನ ತಲೆಯ ಮಟ್ಟಕ್ಕೆ ತೂಗುಹಾಕಿದ್ದಳು. ದಿನಕ್ಕೆ ಏಳೆಂಟು ಸಲ ಚೂರು ಚೂರು ಭೇದಿ. ಅದು ನಿಲ್ಲಲೆಂದು ದಾಳಿಂಬೆ ಸಿಪ್ಪೆಯ ಕಷಾಯ, ಗುಳಿಗೆ, ಬರೀ ಗಂಜಿ. ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಜ್ವರ ಬೇರೆ.

ಆ ವಾರವೇ ಸಿಸ್ಟರ್‌ನ ಮನೆ ಹುಡುಕಿಕೊಂಡು ಹೋದೆ. ಮೊರದಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದರು. ಯಾರಿಗೆ ಎಂದು ಹೇಳಿದಾಗ ಕೈ ನಿಂತಿತು.

"ಹೊಟ್ಟಿ ಹೆಂಗೈತಿ?"

"ಭೇದಿ ಹತ್ತೇತ್ರಿ. ಚೂರು ಚೂರು."

"ಬಿಗದೈತೇನು?"

"ಹೌದ್ರಿ."

"ಭೇದಿ ಅಲ್ಲ ಅದು. ಒಳಗ ಗಟ್ಟಿ ಕುಂತೇತಿ, ಅದರ ಬಾಜೂಕ ನೀರ ಜಿನಗಾಕತ್ತೇತಿ. ಅದನ್ನ ನಿಂದ್ರಸಾಕ ಗುಳಿಗಿ ಬ್ಯಾರೆ ಕೊಟ್ಟೀರಿ, ಅಲ್ಲ?" ಎಂದು ಅಕ್ಕಿಯಿಂದ ಒಂದು ಕಲ್ಲು ತೆಗೆದು ಅಂಗಳಕ್ಕೆ ಎಸೆದರು.

"ಅವರ ಮ್ಯಾಲೆ ನಿಮಗ ಸಿಟ್ಟಿಲ್ಲೇನ್ರಿ ಸಿಸ್ಟರ್?"

"ಐತಿ. ಅದಕ್ಕ ಬರ್ತೇನಿ. ನಾಳೆ ಮುಂಜಾನಿ ಗಾಡಿಗೆ."

ನಾನು ರಸ್ತೆಯಲ್ಲಿ ಬಹುತೇಕ ಕುಣಿದುಕೊಂಡು ಬಂದೆ.

ಮರುದಿನ ಬಂದರು, ಬಚ್ಚಲು ಕೇಳಿದರು, ಕೈ ತೊಳೆದರು. ದೊಡ್ಡಪ್ಪ ಗುರುತು ಹಿಡಿದ.

"ಈಕಿನ್ನ ಯಾರು ಕರಸಿದ್ರು?"

"ನಿಮ್ಮ ಹೊಟ್ಟಿ ಕರಸೇತ್ರಿ ಸಾವ್ಕಾರ್ರ" ಎಂದು ಮೊದಲು ಗೋಡೆಯ ಕಡೆ ಹೋದರು. "ಏನ್ರೀ ಅವ್ವಾರ, ಇದನ್ನ ದೇವರ ಫೋಟೋ ಮಾಡೀರೇನು? ಮ್ಯಾಲೆ ತೂಗ ಹಾಕಿದ್ರ ಹೊರಗ ಬಂದ ಉಚ್ಚಿ ತಿರುಗಿ ಒಳಗ ಹೊಕ್ಕತೈತಿ. ಜ್ವರ ಎಲ್ಲಿಂದ ಬಂತು ಅಂತೀರಿ? ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗ ಇರಬೇಕು, ನೆಲಕ್ಕ ತಾಕಬಾರದು." ಮಂಚದ ಪಟ್ಟಿಗೆ ಅದನ್ನು ಕಟ್ಟಿದರು. ನನ್ನ ಮೊಬೈಲಿನಿಂದ ಡಾಕ್ಟರಿಗೆ ಮಾತಾಡಿದರು. ಆಮೇಲೆ ಎಲ್ಲರನ್ನೂ ಹೊರಗೆ ಹೋಗಲು ಹೇಳಿದರು.

ನಾನು ನಿಂತೇ ಇದ್ದೆ. ಬಂದದ್ದೇ ಅದನ್ನು ನೋಡಲು.

"ಹೊರಗ ನಡಿ. ಬಯಲಾಟ ಅಲ್ಲ ಇದು."

ಬಾಗಿಲು ಹಾಕಿಕೊಂಡರು. ಮುಕ್ಕಾಲು ತಾಸು ಒಳಗಿನಿಂದ ದೊಡ್ಡಪ್ಪನ ನರಳಿಕೆ, ಮಧ್ಯೆ ಮಧ್ಯೆ ಸಿಸ್ಟರ್‌ನ ದನಿ: "ಬಾಯಿಲೆ ಉಸಿರು ಬಿಡ್ರಿ. ಹಾಂ. ಇನ್ನೊಂದು." ಬಾಗಿಲು ತೆರೆದಾಗ ಅವನು ಮಗುವಿನಂತೆ ನಿದ್ದೆ ಹೋಗಿದ್ದ, ಹಾಸಿಗೆಗೆ ಹೊಸ ಬಟ್ಟೆ ಬಿದ್ದಿತ್ತು, ಮೇಲೆ ಮೈತುಂಬ ಶಾಲು. ನನಗೆ ಮೋಸವಾದಂತೆ ಅನ್ನಿಸಿತು.

ಮುಂದಿನ ದಿನಗಳಲ್ಲಿ ನನ್ನ ಆಸೆ ಮತ್ತೆ ಚಿಗುರಿತು. ಸಿಸ್ಟರ್ ಬಡಿಗನಿಂದ ನಡುವೆ ತೂತಿರುವ ಖುರ್ಚಿ ಮಾಡಿಸಿದರು. ದಿನಾ ಮುಂಜಾನೆ ಬಿಸಿ ಚಹಾ ಆದ ಅರ್ಧ ತಾಸಿಗೆ ದೊಡ್ಡಪ್ಪ ಅದರ ಮೇಲೆ ಮುಂದಕ್ಕೆ ಬಾಗಿ ಕೂಡಬೇಕು, ಬರಲಿ ಬಿಡಲಿ. ಹೊಟ್ಟೆಯನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಒತ್ತುತ್ತಿದ್ದರು. ದೊಡ್ಡಪ್ಪ ತೋಯ್ದೀತೆಂಬ ಹೆದರಿಕೆಗೆ ನೀರೇ ಕುಡಿಯುತ್ತಿರಲಿಲ್ಲ. ತಂಬಿಗೆ ಹಿಡಿದು ಎದುರು ನಿಂತು ಕುಡಿಸುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ಶಿಕ್ಷೆ, ಬಾಯಿಬಿಟ್ಟು ಹೇಳಬೇಕಾದದ್ದು.

"ಅದು... ಸ್ವಲ್ಪ..." ಎನ್ನುತ್ತಿದ್ದ ದೊಡ್ಡಪ್ಪ.

"ಅದು ಅಂದ್ರ ಯಾವದ್ರಿ? ಮುಂದಿಂದೋ, ಹಿಂದಿಂದೋ?"

"ಹಿಂದಿಂದು."

"ಬಂದೇತೋ, ಬರಾಕತ್ತೇತೋ?"

"ಏ, ಎಷ್ಟು ಕೇಳತಿ!"

"ಬಂದ ಮ್ಯಾಲೆ ಹೇಳೂದು ನನಗ ಕೆಲಸ. ಬರೂಕಿಂತ ಮೊದಲ ಹೇಳೂದು ನಿಮಗ ಗುಣ. ಯಾವದು ಬೇಕು ಹೇಳ್ರಿ."

ಊರಿಗೆಲ್ಲ ಗದರುತ್ತಿದ್ದ ಮನುಷ್ಯ ಹೀಗೆ ಒಂದೊಂದು ಶಬ್ದಕ್ಕೂ ತಡಬಡಿಸುವುದನ್ನು ಕೇಳಲು ನಾನು ರಜೆ ಹಾಕಿ ಬರುತ್ತಿದ್ದೆ. ಇದು ಸೇಡು ಎಂಬ ಬಗ್ಗೆ ನನಗೆ ಸಂಶಯವಿರಲಿಲ್ಲ. ಆಮೇಲೆ ಸಂಶಯ ಬಂತು. ಕಾಲೇಜಿನ ಹತ್ತಿರದ ನರ್ಸಿಂಗ್ ಶಾಲೆಯ ಗ್ರಂಥಾಲಯದಲ್ಲಿ ದಪ್ಪ ಪಠ್ಯಪುಸ್ತಕವೊಂದನ್ನು ತೆರೆದು ನೋಡಿದೆ. ಹೊತ್ತಿಗೆ ಸರಿಯಾಗಿ ಕೂಡಿಸುವುದು, ಬಿಸಿ ಪಾನೀಯ, ಹೊಟ್ಟೆ ಒತ್ತುವುದು, ನೀರು, ರೋಗಿ ತನಗೆ ಅನ್ನಿಸಿದ್ದನ್ನು ತಾನೇ ಹೇಳುವಂತೆ ಮಾಡುವುದು, ಬಾಗಿಲು ಹಾಕಿ ಮಾನ ಕಾಯುವುದು ಸಹ, ಎಲ್ಲ ಅದರಲ್ಲಿತ್ತು. ಅವರು ಪುಸ್ತಕದ ಹೊರಗೆ ಒಂದು ಹೆಜ್ಜೆಯೂ ಇಟ್ಟಿರಲಿಲ್ಲ. ಅವರು ಆಗಾಗ ನಗುತ್ತಿದ್ದರು ಎಂದು ನನಗೆ ನೆನಪು. ಆ ನಗೆಯನ್ನೂ ಫ್ಲಾಸ್ಕಿನಂತೆ ನಾನೇ ತಂದಿಟ್ಟೆನೋ ಏನೋ.

ಆರನೆಯ ವಾರ ಡಾಕ್ಟರು ಮೂತ್ರಕೋಶಕ್ಕೆ ಅಭ್ಯಾಸ ಮಾಡಿಸಲು ಹೇಳಿದರು. ನಳಿಗೆಗೆ ಕ್ಲಿಪ್ಪು ಹಾಕಿ ಮುಚ್ಚುವುದು, ಎರಡು ತಾಸಿಗೊಮ್ಮೆ ತೆರೆಯುವುದು. ತುಂಬಿದ್ದು ಯಾವತ್ತು ರೋಗಿಗೆ ತಾನಾಗಿ ತಿಳಿಯುತ್ತದೆಯೋ ಅವತ್ತು ನಳಿಗೆ ತೆಗೆಯುವ ಮಾತು. ಹತ್ತು ದಿನ ಕಳೆದರೂ ದೊಡ್ಡಪ್ಪನಿಗೆ ಏನೂ ತಿಳಿಯಲಿಲ್ಲ.

ಒಂದು ಶನಿವಾರ ದೊಡ್ಡವ್ವ ಹರಕೆ ತೀರಿಸಲು ಕದರಮಂಡಲಗಿ ಹನುಮಪ್ಪನ ಗುಡಿಗೆ ಹೋದಳು. ಸಿಸ್ಟರ್ ರಾಣೆಬೆನ್ನೂರಿನಲ್ಲಿ ಇನ್ನೊಬ್ಬ ರೋಗಿಯನ್ನು ನೋಡಿ ಮಧ್ಯಾಹ್ನ ಬರುವವರು. ಹಿಂದಿನ ದಿನವೇ ನನಗೆ ಹೇಳಿದ್ದರು: "ಹತ್ತಕ್ಕ ಹಾಕು, ಹನ್ನೆರಡಕ್ಕ ಬಿಡು. ಅದಕ್ಕೂ ಮೊದಲ ಅವರು ತುಂಬೇತಿ ಅಂದ್ರ ಆಗಲೇ ಬಿಡು. ಆ ಮಾತಿಗೇ ನಾವು ಕಾಯಾಕತ್ತೇವಿ."

ಹತ್ತಕ್ಕೆ ಹಾಕಿದೆ. ಪೇಪರು ಓದುತ್ತ ಕುಳಿತೆ. ಹನ್ನೆರಡಕ್ಕೆ ಐದು ನಿಮಿಷವಿರಬಹುದು.

"ಲೇ ತಮ್ಮಾ" ಎಂದ ದೊಡ್ಡಪ್ಪ, ಬೆರಗಾದವನಂತೆ. "ಉಚ್ಚಿ ಬರಾಕತ್ತೇತಿ. ತುಂಬೇತಿ ಅನಸತೈತಿ ನೋಡೋ."

ಅದನ್ನು ಹೇಳುವಾಗ ಅವನ ಮುಖದಲ್ಲಿ ಇದ್ದ ಸಂತೋಷ ನನ್ನನ್ನು ಕೆರಳಿಸಿತು ಎಂದು ಈಗ ಅನ್ನಿಸುತ್ತದೆ. ನಾನು ಪೇಪರು ಮಡಚಲಿಲ್ಲ.

"ನಮ್ಮವ್ವನ್ನ ಹಿಂದಿನ ಖೋಲಿಗೆ ಯಾರು ಹಾಕಿದ್ರು?"

"ಈಗ್ಯಾಕ ಅದು? ಮೊದಲ ಕ್ಲಿಪ್ ಬಿಡು."

"ಹೇಳ್ರಿ. ಬಿಡತೇನಿ."

"ಆಕೀನ ಕೇಳಿದ್ಲು. ಬಚ್ಚಲ ಹತ್ತರ ಆಗತೈತಿ ಅಂತ ಆಕೀನ ಅಂದ್ಲು."

"ಸುಳ್ಳು."

"ನಿಮ್ಮ ದೊಡ್ಡವ್ವನ್ನ ಕೇಳಲೇ. ಬಿಡೋ, ಜೀವ ಹೋಗಾಕತ್ತೇತಿ."

ಅವನ ಹಣೆಯ ಮೇಲೆ ಬೆವರು ಮೂಡಿತು. ಕೈ ಕ್ಲಿಪ್ಪಿನ ಕಡೆ ಚಾಚಿದ, ಎಟುಕಲಿಲ್ಲ. ಯಾರೂ ಹಿಡಿಯದೆ ಬೆನ್ನು ಎತ್ತಲು ಅವನಿಗೆ ಇನ್ನೂ ಬರುತ್ತಿರಲಿಲ್ಲ. ನಾನು ಎರಡನೆಯ ಪುಟ ತಿರುವಿದೆ.

"ತಲಿ ಸಿಡಿಯಾಕತ್ತೇತಿ. ಆತು, ನಾನ ಹಾಕಿದೆ. ವಾಸನಿ ಬರತಿತ್ತು, ಗಿರಾಕಿ ಮೂಗು ಮುಚ್ಚಿಕೊಂತಿದ್ರು. ನಾನ ಹಾಕಿದೆ, ಸಾಕೇನು? ಬಿಡೋ ಯಪ್ಪಾ, ನಿನ್ನ ಕಾಲ ಬೀಳತೇನಿ."

ಐದು ವರ್ಷ ಕಾದಿದ್ದ ಮಾತು. ಅದು ಸಿಕ್ಕ ಮೇಲೂ ನಾನು ಕ್ಲಿಪ್ಪು ಬಿಡಲಿಲ್ಲ. ಎಷ್ಟು ಹೊತ್ತು ಎಂಬುದರಲ್ಲಿ ನನ್ನ ನೆನಪು ಪ್ರತಿ ಸಲ ಬೇರೆ ಹೇಳುತ್ತದೆ. ಒಮ್ಮೆ ಇಪ್ಪತ್ತು ನಿಮಿಷ ಎನ್ನುತ್ತದೆ. ಇನ್ನೊಮ್ಮೆ, ಪೇಪರಿನ ಕ್ರೀಡಾಪುಟದ ತನಕ ಓದಿದ್ದು ನೆನಪಿಗೆ ಬರುತ್ತದೆ.

ಸಿಸ್ಟರ್ ಬಂದು ಬಾಗಿಲಲ್ಲಿ ನಿಂತರು. ಗದ್ದ ತಗ್ಗಿಸಿ ಗಡಿಯಾರ ನೋಡಿದರು. ಬಚ್ಚಲು ಕೇಳಲಿಲ್ಲ. ನನ್ನನ್ನು ಮೊಣಕೈಯಿಂದ ಸರಿಸಿ ಮಂಚದ ಹತ್ತಿರ ಕುಳಿತು ಕ್ಲಿಪ್ಪನ್ನು ಸ್ವಲ್ಪ ಬಿಟ್ಟರು, ಮತ್ತೆ ಹಿಡಿದರು, ಮತ್ತೆ ಸ್ವಲ್ಪ ಬಿಟ್ಟರು. ಒಮ್ಮೆಲೆ ಬಿಟ್ಟರೆ ಎಚ್ಚರ ತಪ್ಪೀತು ಎಂದು ಆಮೇಲೆ ತಿಳಿಯಿತು. ಇನ್ನೊಂದು ಕೈಯಿಂದ ಅವನ ಹಣೆ ಒರೆಸುತ್ತಿದ್ದರು. ಎಲ್ಲ ಇಳಿದ ಮೇಲೆ ಚೀಲದ್ದನ್ನು ಅಳತೆಯ 'ಜಾರ್'ಗೆ ಸುರಿದು ಕಣ್ಣ ಮಟ್ಟಕ್ಕೆ ಹಿಡಿದರು.

"ಯಾರು ಹೊತ್ತು ಮರತವ್ರು?"

ದೊಡ್ಡಪ್ಪ ಕಣ್ಣು ಮುಚ್ಚಿಕೊಂಡೇ ಹೇಳಿದ: "ನಾನ ಹೇಳಲಿಲ್ಲ. ನಿದ್ದಿ ಹತ್ತಿತ್ತು."

ಇದನ್ನು ಅವನು ಏಕೆ ಹೇಳಿದ ಎಂಬುದು ಇವತ್ತಿಗೂ ಬಗೆಹರಿದಿಲ್ಲ. ನನ್ನ ಕೈಯಲ್ಲೇ ಮತ್ತೆ ಬೀಳಬೇಕಾದೀತು ಎಂಬ ಹೆದರಿಕೆ ಇರಬಹುದು. ನಾನು ಮಾಡಿದ್ದು ಸರಿ ಎಂದು ಒಪ್ಪಿಕೊಂಡಿದ್ದಿರಬಹುದು. ಎರಡನೆಯದನ್ನು ನಂಬಲು ನನಗೆ ಇಷ್ಟ, ಆದ್ದರಿಂದಲೇ ನಂಬುವುದಿಲ್ಲ.

ಬಚ್ಚಲಲ್ಲಿ ಕೈ ತೊಳೆಯುತ್ತ ಸಿಸ್ಟರ್ ನನ್ನನ್ನು ಕರೆದರು.

"ಎಷ್ಟು ಹೊತ್ತು?"

"ಇಪ್ಪತ್ತು ನಿಮಿಷ ಇರಬೇಕ್ರಿ."

"ನಾನು ನಿನ್ನಷ್ಟು ಓದಿದಾಕಿ ಅಲ್ಲ, ಆದ್ರ ಜಾರ್ ಓದಾಕ ಬರತೈತಿ. ಇಪ್ಪತ್ತು ನಿಮಿಷದ ಉಚ್ಚಿ ಅಲ್ಲ ಅದು. ಇನ್ನೊಂದೀಟು ಹೊತ್ತು ಕಟ್ಟಿ ಇಟ್ಟಿದ್ರ ಬಿ.ಪಿ. ಏರಿ ಲಕ್ವಾ ಹೊಡೀತಿತ್ತು."

"ಅವರು ಒಪ್ಪಿಕೊಂಡ್ರು ಸಿಸ್ಟರ್. ಅವ್ವನ್ನ ಹಿಂದಿನ ಖೋಲಿಗೆ ತಾನ ಹಾಕಿದ್ದು ಅಂತ."

"ಉಚ್ಚಿ ಕಟ್ಟಿದಾಗ ಗಾಂಧೀನ್ನ ಕೊಂದವನೂ ನಾನ ಅಂತಾನ ಮನಷ್ಯಾ." ಸಾಬೂನನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು. "ನಿನಗ ಸೇಡು ಬೇಕಿತ್ತು. ನನ್ನ ಕ್ಲಿಪ್ಪಿನಾಗ ಯಾಕ ಕೈ ಹಾಕಿದಿ? ಹಾಸಿಗ್ಯಾಗ ಹೇತು ಹೇತು ಸತ್ತವನ ಮ್ಯಾಲೆ ಏನ್ ಸೇಡು ತೀರತೈತಿ? ಅವ ಎದ್ದು ಪ್ಯಾಟಿಗೆ ಹೋಗಿ ಕುಂದ್ರಬೇಕು. ಧೋತ್ರ ಬಿಳೇದ ಇರಬೇಕು. ಅಲ್ಲಿ ಹೋಗಿ ತೀರಿಸಿಕೊಂತೇನಿ ನಾನು. ನೀ ಅದನ್ನ ಕೆಡಿಸಿದ್ದಿ."

ಅವರ ಕಣ್ಣಿನಲ್ಲಿ ನೀರಿತ್ತು. ಸಿಟ್ಟಿನದು.

"ನಾಳಿಯಿಂದ ಕೈಗವಸು ನೀ ಹಾಕ್ಕೊ" ಎಂದರು.

ಅಂದಿನಿಂದ ಮುಂಜಾನೆಯ ಕೆಲಸ ನನ್ನದು. ಅವರು ಗೋಡೆಗೆ ಒರಗಿ ನಿಂತು ಹೇಳುತ್ತಿದ್ದರು, ನಾನು ಮಾಡುತ್ತಿದ್ದೆ. "ಎಣ್ಣಿ ಕಡಿಮಿ ಆತು. ಅವಸರ ಬ್ಯಾಡ. ತೊಳೆಯೂದು ಮುಂದಿನಿಂದ ಹಿಂದಕ್ಕ. ಒರಸು, ತಿಕ್ಕಬ್ಯಾಡ, ಚರ್ಮ ಸುಲದೀತು." ಮೊದಲ ವಾರ ಎರಡು ಸಲ ವಾಂತಿ ಮಾಡಿಕೊಂಡೆ. ದೊಡ್ಡಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ನನ್ನ ದ್ವೇಷ ಕಡಿಮೆಯಾಯಿತು ಎಂದು ಯಾರೂ ತಿಳಿಯಬಾರದು. ದ್ವೇಷವಿಟ್ಟುಕೊಂಡೂ ಒಬ್ಬನ ಸೊಂಟದ ಹಿಂದೆ ಕೆಂಪಗಾಗಿದೆಯೇ ಎಂದು ದಿನಾ ಬೆಳಕಿಗೆ ಹಿಡಿದು ನೋಡಬಹುದು, ಎರಡು ತಾಸಿಗೊಮ್ಮೆ ಹೊರಳಿಸಬಹುದು ಎಂಬುದಷ್ಟೇ ತಿಳಿಯಿತು. ಅದಕ್ಕೆ ಹಿಡಿಯುತ್ತಿದ್ದದ್ದು ಪ್ರತಿ ಸಲ ನಾಲ್ಕೈದು ನಿಮಿಷ.

ಆಶ್ಚರ್ಯವೆಂದರೆ ಆ ಶನಿವಾರದ ನಂತರ ದೊಡ್ಡಪ್ಪನಿಗೆ ತುಂಬಿದ್ದು ಪ್ರತಿ ಸಲವೂ ತಿಳಿಯತೊಡಗಿತು. ಮೂರು ವಾರಕ್ಕೆ ನಳಿಗೆ ತೆಗೆದರು. ಒಂದೆರಡು ದಿನ ತೋಯ್ದ, ಆಮೇಲೆ ನಿಂತಿತು. ಹೊಸ ಮಾಲು ಬರತೊಡಗಿದ ಎರಡನೆಯ ಸೋಮವಾರ ಕೋಲು ಹಿಡಿದು, ಬಿಳಿ ಧೋತ್ರ ಉಟ್ಟು, ಯಾರ್ಡಿನ ಅಂಗಡಿಯಲ್ಲಿ ಗಾದಿಯ ಮೇಲೆ ಕುಳಿತ. ನಾನು ಅವನನ್ನು ಕರೆದುಕೊಂಡು ಹೋಗಿ ಪಕ್ಕದಲ್ಲಿ ನಿಂತಿದ್ದೆ. ಯಾರ್ಡಿನ ತುಂಬ ಕೆಂಪು ರಾಶಿ, ಘಾಟು, ಕೆಮ್ಮು, ಚೀಟಿ ಹಿಡಿದು ಓಡಾಡುವ ಖರೀದಿದಾರರು. ಹೊರಗಿನಿಂದ ಬಂದ ವ್ಯಾಪಾರಿಗಳು ನಾಲ್ಕು ಮಂದಿ ಎದುರಿಗೆ ಕುಳಿತಿದ್ದರು. ನಮ್ಮ ಹಳೆಯ ಹಮಾಲ ಒಬ್ಬ ಬಾಗಿಲಲ್ಲಿ ಚೀಲ ಇಳಿಸುತ್ತಿದ್ದ.

ಸಿಸ್ಟರ್ ಬಂದರು. ಇಸ್ತ್ರಿ ಮಾಡಿದ ಸೀರೆ, ಪಿನ್ನಿಗೆ ಗಡಿಯಾರ. ಕಟ್ಟೆ ಹತ್ತಲಿಲ್ಲ. ಕೆಳಗೇ ನಿಂತು, ಆಸ್ಪತ್ರೆಯಲ್ಲಿ ಇಡೀ ವಾರ್ಡಿಗೆ ಕೇಳಿಸುತ್ತಿದ್ದ ಅದೇ ದನಿಯಲ್ಲಿ ಕೇಳಿದರು.

"ಸಾವ್ಕಾರ್ರ, ಉಚ್ಚಿ ತಡದು ಬರತೈತೇನ್ರಿ?"

ದೊಡ್ಡಪ್ಪ ಗಾದಿಯ ಅಂಚು ಹಿಡಿದುಕೊಂಡ.

"ಬರತೈತ್ರಿ."

"ಎಷ್ಟು ತಾಸಿಗೊಮ್ಮೆ?"

"ಮೂರು."

"ಹೊಟ್ಟಿ?"

ಒಬ್ಬ ವ್ಯಾಪಾರಿ ಕೆಮ್ಮಿದ. ಹಮಾಲ ಹಲ್ಲು ಕಚ್ಚಿ ನಗು ತಡೆದುಕೊಂಡಿದ್ದ.

"ದಿನಾ ಮುಂಜಾನಿ ಹೋಗತೈತ್ರಿ ಸಿಸ್ಟರ್" ಎಂದ ದೊಡ್ಡಪ್ಪ. ಕಿವಿ ಕೆಂಪಾಗಿದ್ದವು. ಅಷ್ಟಕ್ಕೇ ಮುಗಿಯಿತೆಂದು ನಾನು ತಿಳಿದೆ. ನನ್ನ ಹೊಟ್ಟೆ ತಣ್ಣಗಾಗಿತ್ತು.

"ಚಲೋ ಆತು" ಎಂದರು ಸಿಸ್ಟರ್. "ಇಷ್ಟ ಇತ್ತು ನೋಡ್ರಿ ಕೆಲಸ. ಹೊರಳಸೂದು, ತೊಳಿಯೂದು, ಹೊತ್ತಿಗೆ ಸರಿಯಾಗಿ ಕೇಳೂದು. ಹಿಂದಿನ ಖೋಲ್ಯಾಗ ಮಲಗಿದ್ದ ಆ ಹೆಣ್ಮಗಳಿಗೆ ಮನಿಯವ್ರು ಯಾರರ ಇಷ್ಟು ಮಾಡಿದ್ರ ಆಕೀನೂ ಎದ್ದು ಕುಂದರತಿದ್ಲು."

ಹೊರಟು ಹೋದರು. ಆಮೇಲೆ ನಮ್ಮ ಮನೆಗೆ ಬರಲಿಲ್ಲ. ದೊಡ್ಡಪ್ಪ ಇನ್ನೂ ಮೂರು ವರ್ಷ ಬದುಕಿದ, ದಿನಾ ಯಾರ್ಡಿಗೆ ಹೋದ, ಆದರೆ ಅಂಗಡಿಯಲ್ಲಿ ಅವನ ದನಿ ಮೊದಲಿನಂತೆ ಏರಲಿಲ್ಲ. ಅದನ್ನು ನೋಡಿ ನಾನು ಸುಖಪಟ್ಟೆ. ಸಿಸ್ಟರ್ ನನ್ನ ಪರವಾಗಿಯೂ ಹೊಡೆದರು ಎಂದು ಹಲವರಿಗೆ ಹೇಳಿಕೊಂಡು ತಿರುಗಿದೆ.

ಸಾವಿನ ಸುದ್ದಿ ಕೇಳಿದ ದಿನ ಇದನ್ನೆಲ್ಲ ಬರೆಯಲು ಕುಳಿತಾಗ ಒಂದು ಕಡೆ ನಿಂತೆ. ಆ ಕೊನೆಯ ಮಾತು ಆಡುವಾಗ ಅವರ ಮುಖ ನನಗೆ ಕಾಣುತ್ತಿಲ್ಲ. ಸೀರೆ ಕಾಣುತ್ತದೆ, ಗಡಿಯಾರ ಕಾಣುತ್ತದೆ, ಕಣ್ಣು ಎತ್ತ ಕಡೆ ಇತ್ತು ಎಂಬುದು ಕಾಣುವುದಿಲ್ಲ. ಮರುದಿನ ಬ್ಯಾಡಗಿಗೆ ಹೋಗಿ ಯಾರ್ಡಿನಲ್ಲಿ ಆ ಹಮಾಲನನ್ನು ಹುಡುಕಿದೆ. ಹೆಗಲ ಮೇಲೆ ಚೀಲವಿತ್ತು. ಅವತ್ತು ಸಿಸ್ಟರ್ ಆ ಮಾತನ್ನು ಯಾರನ್ನು ನೋಡಿ ಆಡಿದರು ಎಂದು ಕೇಳಿದೆ.

"ಯಾರನ್ನ ಅಂದ್ರ? ನಿಮ್ಮನ್ನ ನೋಡಿ ಅಂದ್ರಲ್ರಿ ಮಾಸ್ತರ" ಎಂದ, ಚೀಲ ಇಳಿಸದೆಯೇ. "ಸಾವ್ಕಾರ್ರ ಕಡೆಯಿಂದ ಅವರು ಆಗಲೇ ಮುಖ ತಿರುವಿದ್ರು."

ಒಬ್ಬನ ನೆನಪನ್ನು ಸುಮ್ಮನೆ ನಂಬುವವನಲ್ಲ ನಾನು. ಅವತ್ತು ಅಂಗಡಿಯಲ್ಲಿದ್ದವರು ಇನ್ನೂ ಇಬ್ಬರು ಅದೇ ಯಾರ್ಡಿನಲ್ಲಿ, ಕೂಗಿದರೆ ಕೇಳಿಸುವಷ್ಟು ಹತ್ತಿರ ಇದ್ದರು. ಅವರನ್ನು ಕೇಳದೆ ಬಂದೆ.